ಶಾರ್ಕ್ ಹಲ್ಲಿನ ತೊರೆ, ಕೆಂಪು ದರೆ

2014ರ ಈಸ್ಟರ್ ಶನಿವಾರ, ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು. ನಾನು ತೊರೆಯ ನಡುವೆ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಂತಿದ್ದೆ. ನೀರು ಪಾದ ಮುಚ್ಚುವಷ್ಟಿತ್ತು. ನನ್ನ ಮುಖ ಕೆಂಪು ದರೆಯ, ಎಂದರೆ ಕಡಿದಾದ ಮಣ್ಣಿನ ದಂಡೆಯ, ಕಡೆಗಿತ್ತು. ದರೆ ನನ್ನಿಂದ ಒಂದು ಕಾರಿನುದ್ದ ದೂರ, ಎತ್ತರ ಸುಮಾರು ಎರಡಾಳು. ಅದರ ಬುಡದಲ್ಲಿ ನನ್ನ ಹೆಂಡತಿಯ ಅಕ್ಕನ ಗಂಡ ಸುಧಾಕರ ಮಂಡಿಯೂರಿ ಮಣ್ಣು ಕಡಿಯುತ್ತಿದ್ದರು. ಅವರ ಮಗಳು ಇಂಚರ, ಆಗ ಹತ್ತು ವರ್ಷದವಳು, ನನ್ನ ಬಲಗಡೆ ಕೈಗೆಟಕುವಷ್ಟು ದೂರದಲ್ಲಿ ನೀರಿನಲ್ಲಿ ನಿಂತಿದ್ದಳು. ದರೆಯ ಮೇಲೆ ಯಾರೂ ಇರಲಿಲ್ಲ.

ಈ ಪ್ರವಾಸವನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಕೊನೆಯ ವಾಕ್ಯಕ್ಕಾಗಿ. ನಮ್ಮ ಬಳಗದಲ್ಲಿ ಓಡಾಡುವ ಕಥೆ ಬೇರೆ. ಇಂಚರ ದರೆಯ ಮೇಲೆ ಕುಣಿದಳು, ಅದು ಕುಸಿದು ಅಪ್ಪನ ಮೇಲೆ ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಇಂಚರಳೂ ಅದನ್ನೇ ನಂಬಿದ್ದಾಳೆ. ನಾನು ಸಿಡ್ನಿಯಲ್ಲಿ ಲಿಫ್ಟ್‌ಗಳ ತಪಾಸಣೆ ಮಾಡುವವನು. ಲಿಫ್ಟಿನಲ್ಲಿ ಯಾರಿಗಾದರೂ ಪೆಟ್ಟಾದರೆ ಯಾರು ಎಲ್ಲಿ ನಿಂತಿದ್ದರು, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ವಿಚಾರಿಸುವುದು ನನ್ನ ಕೆಲಸದ ಭಾಗ. ಇಲ್ಲಿಯೂ ಅದೇ ಕ್ರಮದಲ್ಲಿ, ಹೊರಟಲ್ಲಿಂದ ಹೇಳುತ್ತೇನೆ.

ಆ ವರ್ಷ ನನ್ನ ಅತ್ತೆ ಲಲಿತಮ್ಮ ಬೆಂಗಳೂರಿನಿಂದ ಬಂದು ಮೂರು ತಿಂಗಳು ಸ್ಕೋಫೀಲ್ಡ್ಸ್‌ನ ನಮ್ಮ ಮನೆಯಲ್ಲಿದ್ದರು. ಉಳಿದ ಮೂರು ತಿಂಗಳು ಮೆಲ್ಬರ್ನ್‌ನಲ್ಲಿ ಹಿರಿಯ ಮಗಳು ವಿನಯಾಳ ಮನೆಯಲ್ಲಿರಬೇಕೆಂದು ಮೊದಲೇ ಮಾತಾಗಿತ್ತು. ಅತ್ತೆಗೆ ವಿಮಾನದಲ್ಲಿ ಕಿವಿ ನೋಯುತ್ತದೆ. ಈಸ್ಟರ್‌ಗೆ ನಾಲ್ಕು ದಿನ ರಜೆ ಇದ್ದುದರಿಂದ ಕಾರಿನಲ್ಲೇ ಕರೆದುಕೊಂಡು ಹೋಗಿ ಬಿಟ್ಟುಬರುವುದೆಂದು ನಾನೂ ನನ್ನ ಹೆಂಡತಿ ಸುಜಾತಳೂ ತೀರ್ಮಾನಿಸಿದೆವು.

ಗುರುವಾರ ಸಂಜೆ ಇಂಡಿಯನ್ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಹೋಗಿ ಸಿಹಿ ಕಟ್ಟಿಸಿಕೊಂಡೆವು. ಅಲ್ಲಿಂದಲೇ ಸುಧಾಕರ ಬಾವನಿಗೆ ಫೋನ್ ಮಾಡಿದಾಗ ಅವರು, “ಸ್ವೀಟ್ ಇರ್ಲಿ ಮಾರಾಯ, ಅಲ್ಲಿ ಪಾತ್ರೆ ಅಂಗಡಿಯಲ್ಲಿ ಜರಡಿ ಸಿಗ್ತದೆ. ಒಂದು ದಪ್ಪ ಕಣ್ಣಿಂದು, ಒಂದು ಸಣ್ಣ ಕಣ್ಣಿಂದು ತಗೊಂಡು ಬಾ” ಎಂದರು.

“ಅಕ್ಕಿ ಜರಡಿ ಹಿಡ್ಕೊಂಡು ಎಲ್ಲಿಗೆ ಹೋಗೋದು ಬಾವ?”

“ಹೊಳೆಗೆ. ಶಾರ್ಕಿನ ಹಲ್ಲು ಆರಿಸ್ಲಿಕ್ಕೆ.”

ಸುಧಾಕರ ಕಾರ್ಕಳದ ಕಡೆಯವರು. ಅವರ ತಂದೆಗೆ ಕೆಂಪುಕಲ್ಲು ಕಡಿದು ತೆಗೆಯುವ ಕೋರೆ ಇತ್ತು. ಮೆಲ್ಬರ್ನ್‌ನಲ್ಲಿ ಅವರು ಅಡುಗೆಮನೆಗಳಿಗೆ ಕಲ್ಲಿನ ಕಟ್ಟೆ ಕೂರಿಸುವ ಕೆಲಸ ಮಾಡುತ್ತಿದ್ದರು. ಹಾಗೆ ಒಬ್ಬ ರೈತನ ಮನೆಗೆ ಕಲ್ಲು ಹಾಕಲು ಹೋದಾಗ ಕಿಟಕಿಯ ಹತ್ತಿರ ಒಂದು ಜಾಡಿ ತುಂಬ ಕಪ್ಪು ಹಲ್ಲುಗಳು ಕಂಡವಂತೆ. ಲಕ್ಷಾಂತರ ವರ್ಷಗಳ ಹಿಂದೆ ಆ ಬಯಲೆಲ್ಲ ಸಮುದ್ರವಾಗಿತ್ತು, ಆಗಿನ ಶಾರ್ಕ್‌ಗಳ ಹಲ್ಲುಗಳು ಈಗ ಕಲ್ಲಾಗಿ ತನ್ನ ಜಮೀನಿನ ತೊರೆಯಲ್ಲಿ ಸಿಗುತ್ತವೆ ಎಂದು ರೈತ ಹೇಳಿದ್ದನು. ಮಗಳನ್ನು ಕರೆದುಕೊಂಡು ಬಾ ಎಂದೂ ಕರೆದಿದ್ದನು. ಆ ತೊರೆಯ ಹೆಸರನ್ನೂ ಹತ್ತಿರದ ಊರಿನ ಹೆಸರನ್ನೂ ಬರೆಯುವುದಿಲ್ಲ. ಅವನು ಹಾಗೆ ಕೇಳಿಕೊಂಡಿದ್ದಾನೆ.

ಶುಕ್ರವಾರ ಬೆಳಕು ಹರಿಯುವ ಮೊದಲು ಹೊರಟೆವು. ನಮ್ಮ ಮನೆಯಿಂದ ಮೆಲ್ಬರ್ನ್‌ಗೆ ಒಂಬೈನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಸುಜಾತ ಪುಳಿಯೋಗರೆ, ಮೊಸರನ್ನ ಕಟ್ಟಿದ್ದಳು. ಗೌಲ್ಬರ್ನ್ ದಾಟುವವರೆಗೂ ಮಂಜು. ರಜೆಯ ದಿನಗಳಲ್ಲಿ ವೇಗ ಮೀರಿದರೆ ಲೈಸೆನ್ಸಿನ ಅಂಕಗಳನ್ನು ದುಪ್ಪಟ್ಟು ಕಳೆಯುತ್ತಾರಾದ್ದರಿಂದ ರಸ್ತೆಯಲ್ಲಿ ಎಲ್ಲರೂ ಸಭ್ಯರಾಗಿದ್ದರು. ಒಣಗಿದ ಹುಲ್ಲಿನ ಗುಡ್ಡಗಳು, ಕುರಿಗಳು, ಮತ್ತೆ ಗುಡ್ಡಗಳು. ಅತ್ತೆ ಒಂದೆರಡು ಸಲ, “ಇಷ್ಟೊಂದು ಜಾಗ, ಒಬ್ರೂ ಇಲ್ವಲ್ರೀ” ಎಂದರು. ಆಮೇಲೆ ನಿದ್ದೆ ಹೋದರು.

ಹಾಲ್‌ಬ್ರುಕ್ ಎಂಬ ಊರಿನಲ್ಲಿ ಊಟಕ್ಕೆ ನಿಂತೆವು. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಆ ಊರಿನ ಹುಲ್ಲುಹಾಸಿನ ಮೇಲೆ ಒಂದು ಜಲಾಂತರ್ಗಾಮಿಯ ಮೇಲ್ಭಾಗವನ್ನು ಇಟ್ಟಿದ್ದಾರೆ. ನೆಲದಲ್ಲಿ ಮುಳುಗಿ ಮೇಲೇಳುತ್ತಿರುವಂತೆ ಕಾಣುತ್ತದೆ. ಅದರ ನೆರಳಿನಲ್ಲಿ ಕುಳಿತು ಪುಳಿಯೋಗರೆ ತಿಂದೆವು. ಗಾಳಿ ತಣ್ಣಗಿತ್ತು.

ಮೆಲ್ಬರ್ನಿನ ಅಂಚಿನಲ್ಲಿ ವಿನಯಕ್ಕನ ಮನೆಯಿರುವ ಕ್ಲೈಡ್ ನಾರ್ತ್ ತಲುಪುವಾಗ ಕತ್ತಲಾಗಿತ್ತು. ಅಲ್ಲಿ ಬೀದಿಗಳೆಲ್ಲ ಹೊಸವು, ಮರಗಳು ಇನ್ನೂ ಕೋಲಿಗೆ ಕಟ್ಟಿದವು. ವಿನಯಕ್ಕ ಬಾಗಿಲಲ್ಲೇ ಅಮ್ಮನನ್ನು ಹಿಡಿದುಕೊಂಡು ಅತ್ತಳು. ಸುಧಾಕರ ಬಾವ ನನ್ನ ಕೈಯಿಂದ ಜರಡಿಗಳನ್ನು ತೆಗೆದುಕೊಂಡು ಟ್ಯೂಬ್‌ಲೈಟಿಗೆ ಹಿಡಿದು ಕಣ್ಣುಗಳನ್ನು ಪರೀಕ್ಷಿಸಿದರು. ಇಂಚರ ಅವರ ಮೊಣಕೈ ಕೆಳಗಿನಿಂದ ನೋಡುತ್ತಿದ್ದಳು. ಅವಳು ಆ ವಾರವೆಲ್ಲ ಶಾರ್ಕ್‌ಗಳ ಬಗ್ಗೆ ಓದಿಕೊಂಡಿದ್ದಳು. ಒಂದು ಶಾರ್ಕಿಗೆ ಜೀವಮಾನದಲ್ಲಿ ಸಾವಿರಾರು ಹಲ್ಲು ಬಿದ್ದು ಹುಟ್ಟುತ್ತವೆ ಎಂದು ಅಜ್ಜಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಅಜ್ಜಿ ಕನ್ನಡದಲ್ಲಿ, “ನನಗೆ ಒಂದೇ ಒಂದು ಹುಟ್ಟಿದ್ರೂ ಸಾಕಿತ್ತು ಕಣೆ” ಎಂದರು.

ಶನಿವಾರ ಬೆಳಿಗ್ಗೆ ನೀರುದೋಸೆ ತಿಂದು ಎರಡು ಕಾರುಗಳಲ್ಲಿ ಹೊರಟೆವು. ಊರನ್ನು ಅಡ್ಡ ಹಾಯ್ದು, ವೆಸ್ಟ್‌ಗೇಟ್ ಸೇತುವೆ ದಾಟಿ, ಜೀಲಾಂಗ್ ಬಿಟ್ಟು ಪಶ್ಚಿಮಕ್ಕೆ ಹೋದೆವು. ಅಲ್ಲಿಂದ ನೆಲ ತಟ್ಟೆಯಂತೆ ಸಮ. ಹೊಲಗಳ ಸುತ್ತ ಕಪ್ಪು ಕಲ್ಲಿನ ಮೋಟು ಗೋಡೆಗಳು. ವಾರದ ಹಿಂದೆ ಮಳೆ ಬಂದು ನಿಂತಿತ್ತು. ಆ ದಿನ ಬಿಸಿಲು, ಜೊತೆಗೆ ಒಣ ಗಾಳಿ.

ರೈತನ ಹೆಸರು ಕೆನ್. ಅರುವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಅವನ ಜೊತೆ ಒಂದು ಕಂದು ನಾಯಿ. ಅವನು ಗೇಟು ತೆರೆದು, ಬಯಲಿನಲ್ಲಿ ಕಾರು ನಿಲ್ಲಿಸುವ ಜಾಗ ತೋರಿಸಿ, ಒಂದೇ ಒಂದು ನಿಯಮ ಹೇಳಿದನು: ತೊರೆಯ ತಳದ ಗರಸನ್ನು ಎಷ್ಟು ಬೇಕಾದರೂ ಸೋಸಿ, ದರೆಗೆ ಮಾತ್ರ ಕೈ ಹಾಕಬೇಡಿ.

ಜಾಗದ ವಿವರ ಮುಖ್ಯವಾದ್ದರಿಂದ ಹೇಳುತ್ತೇನೆ. ಕಾರುಗಳಿದ್ದ ಬಯಲು ತೊರೆಯ ಕಡೆಗೆ ಹೋಗಿ ಥಟ್ಟನೆ ಮುಗಿಯುತ್ತಿತ್ತು. ಆ ಅಂಚೇ ಕೆಂಪು ದರೆ. ಅಂಚಿನಿಂದ ಕಾರುಗಳವರೆಗೆ ಒಂದು ಕ್ರಿಕೆಟ್ ಮೈದಾನದಷ್ಟು ದೂರ. ಕೆಳಗಿಳಿಯಲು ಸ್ವಲ್ಪ ಮೇಲ್ಹರಿವಿನ ಕಡೆ ದನಗಳು ನೀರಿಗೆ ಬರುವ ಇಳಿಜಾರು ದಾರಿ ಇತ್ತು. ಎದುರು ದಂಡೆ ತಗ್ಗು. ಅಲ್ಲಿ ಹುಲ್ಲು, ಎರಡು ಮರ. ಅತ್ತೆಯವರನ್ನು ಕೆನ್ ಕೈಹಿಡಿದು ಕಲ್ಲಿನಿಂದ ಕಲ್ಲಿಗೆ ದಾಟಿಸಿ, ಮರದ ಕೆಳಗೆ ಮಡಿಸುವ ಕುರ್ಚಿಯಲ್ಲಿ ಕೂರಿಸಿದನು.

“ನಲವತ್ತು ವರ್ಷ ಸಂಸಾರ ಮಾಡಿದೆ, ನಿಮ್ಮ ಮಾವ ಒಂದು ದಿನ ನನ್ನ ಕೈಹಿಡಿದು ರಸ್ತೆ ದಾಟಿಸ್ಲಿಲ್ಲ” ಎಂದು ಅತ್ತೆ ನನಗೆ ಹೇಳಿದರು. ಕೆನ್ ಏನೆಂದು ಕೇಳಿದ. ಇಂಚರ ಅನುವಾದಿಸಿದಳು. ಅವನು ಟೋಪಿ ತೆಗೆದು ಬಾಗಿದನು.

ಬೆಳಗಿನ ಕೆಲಸ ಹೀಗಿತ್ತು. ಸುಧಾಕರ ಬಾವ ಸಲಿಕೆಯಿಂದ ತೊರೆಯ ತಳದ ಗರಸನ್ನು ಎತ್ತಿ ದಪ್ಪ ಕಣ್ಣಿನ ಜರಡಿಗೆ ಹಾಕುವರು. ನಾನು ಅದನ್ನು ನೀರಿನಲ್ಲಿ ಅದ್ದಿ ಅಲ್ಲಾಡಿಸುವೆ. ಮಣ್ಣು ಹೋಗಿ ಕಲ್ಲು, ಚಿಪ್ಪಿನ ಚೂರು ಉಳಿಯುತ್ತವೆ. ಸುಜಾತ, ವಿನಯಕ್ಕ, ಇಂಚರ ಅದನ್ನು ಕೈಯಾಡಿಸಿ ನೋಡುವರು. ಮೊದಲ ಹಲ್ಲು ಸಿಕ್ಕಿದ್ದು ವಿನಯಕ್ಕನಿಗೆ. ಕಿರುಬೆರಳಿನ ಉಗುರಿನಷ್ಟು ಗಾತ್ರ, ಕಂದುಗಪ್ಪು ಬಣ್ಣ, ಎಣ್ಣೆ ಸವರಿದಂಥ ಹೊಳಪು. ತುದಿ ಇನ್ನೂ ಚೂಪಾಗಿತ್ತು. ಅದನ್ನು ಅತ್ತೆಯವರಿಗೆ ತೋರಿಸಿದಾಗ, “ಇಷ್ಟು ದೂರ ಬಂದು ಹುಣಸೆಬೀಜ ಆರಿಸ್ತಿದೀರಲ್ರೇ” ಎಂದರು. ಅಂದಿನಿಂದ ಅವು ನಮ್ಮಲ್ಲಿ ಹುಣಸೆಬೀಜಗಳೇ.

ಬೆಳಿಗ್ಗೆಯೇ ಇನ್ನೊಂದು ಸಂಗತಿ ನಡೆಯಿತು. ಇದನ್ನೂ ಮಧ್ಯಾಹ್ನದ ಸಂಗತಿಯನ್ನೂ ಬೇರೆಬೇರೆಯಾಗಿಯೇ ನೆನಪಿಡಬೇಕು. ಇಂಚರ ಕಾರಿನಿಂದ ನೀರಿನ ಬಾಟಲಿ ತರಲು ಮೇಲೆ ಹೋದವಳು, ಬರುವಾಗ ದನದ ದಾರಿ ಬಿಟ್ಟು ದರೆಯ ಅಂಚಿಗೆ ಬಂದು, ನಮ್ಮ ಗಮನ ಸೆಳೆಯಲು ಎರಡು ಕೈ ಎತ್ತಿ ಕುಣಿದಳು. ಸುಧಾಕರ ಬಾವ ಸಲಿಕೆ ಬಿಸಾಡಿ ಕೂಗಿದರು.

“ಇಳಿ ಕೆಳಗೆ! ಮೇಲೆ ನಿಲ್ಲುದಾ? ಕೆಳಗೆ ಜನ ಇರುವಾಗ ಮೇಲೆ ನಿಲ್ಲುದಾ?”

ಅವಳು ಹೆದರಿ ಓಡಿ ಬಂದಳು. ಬಾವ ಅವಳನ್ನು ಹತ್ತಿರ ಕರೆದು ಮೆತ್ತಗೆ ಹೇಳಿದರು. ಅವರ ತಂದೆಯ ಕೋರೆಯಲ್ಲಿ ಅದೇ ಮೊದಲ ಪಾಠವಂತೆ. ಕೆಳಗೆ ಕಲ್ಲು ಕಡಿಯುವವನಿದ್ದರೆ ಮೇಲಿನ ಅಂಚಿನಲ್ಲಿ ಯಾರೂ ನಿಲ್ಲುವಂತಿಲ್ಲ, ಮಾಲೀಕನೂ ನಿಲ್ಲುವಂತಿಲ್ಲ. ಅಂಚು ಜಾರಿತೆಂದರೆ ಮೊದಲು ಕೇಳುವ ಪ್ರಶ್ನೆ, ಮೇಲೆ ಯಾರಿದ್ದರು ಎಂದು. ಇಂಚರ ತಲೆಯಾಡಿಸಿದಳು. ಆಗ ದರೆಯಿಂದ ಒಂದು ಹಿಡಿ ಮಣ್ಣೂ ಬಿದ್ದಿರಲಿಲ್ಲ. ಆಮೇಲೆ ಅವಳು ಮೇಲೆ ಹೋಗಬೇಕಾದರೂ ದನದ ದಾರಿಯಲ್ಲೇ ಹೋಗಿ ಅದೇ ದಾರಿಯಲ್ಲಿ ಬಂದಳು. ನಾನು ಗಮನಿಸಿದ್ದೆ.

ಮರದ ಕೆಳಗೆ ಊಟ ಮಾಡಿದೆವು. ಊಟವಾದ ಮೇಲೆ ಸುಜಾತ, ವಿನಯಕ್ಕ ಇಬ್ಬರೂ ಡಬ್ಬಿಗಳನ್ನು ಎತ್ತಿಕೊಂಡು ಕಾರುಗಳ ಕಡೆಗೆ ಹೋದರು. ಫ್ಲಾಸ್ಕಿನ ಕಾಫಿ ಅಲ್ಲಿತ್ತು; ಅಕ್ಕತಂಗಿಯರಿಗೆ ಮಾತೂ ಬಹಳವಿತ್ತು. ಅತ್ತೆ ಕುರ್ಚಿಯಲ್ಲೇ ಉಳಿದರು. ಕೆನ್ ತನ್ನ ಜರಡಿಯೊಂದಿಗೆ ಸ್ವಲ್ಪ ಕೆಳಹರಿವಿನಲ್ಲಿ ನಮಗೆ ಬೆನ್ನು ಹಾಕಿ ಬಗ್ಗಿದ್ದನು. ನಾಯಿ ಅವನ ಹತ್ತಿರ ಮಲಗಿತ್ತು.

ಸುಧಾಕರ ಬಾವ ದರೆಯ ಬುಡವನ್ನು ನೋಡುತ್ತ ನಡೆದರು. ಕೆಂಪು ಮಣ್ಣು ಮುಗಿದು ಬೂದು ಮಣ್ಣು ಶುರುವಾಗುವಲ್ಲಿ ಗರಸಿನ ಒಂದು ಪಟ್ಟಿ ಇತ್ತು. ಅಲ್ಲಿ ಅವರಿಗೆ ಒಂದು ಹಲ್ಲಿನ ಬೇರು ಕಂಡಿತು. ಹೆಬ್ಬೆರಳಿನಷ್ಟು ಅಗಲ. ಉಳಿದದ್ದು ಒಳಗಿತ್ತು.

“ರಘು, ಇಲ್ಲಿ ಬಾ. ನೋಡು ಇದನ್ನು. ಪೂರ್ತಿ ಬಂದರೆ ಅಂಗೈಯಷ್ಟಿರ್ತದೆ.”

“ಬಾವ, ದರೆ ಮುಟ್ಬೇಡಿ ಅಂದಿದಾರಲ್ಲ ಅವ್ರು.”

“ಅವರಿಗೆ ದನ ಗೊತ್ತು ಮಾರಾಯ. ಕಲ್ಲು ನಮಗೆ ಗೊತ್ತು.” ಅವರು ದರೆಯನ್ನು ಬೆರಳ ಗಂಟಿನಿಂದ ತಟ್ಟಿದರು. “ಇದು ನಮ್ಮ ಕೆಂಪುಕಲ್ಲೇ, ಬಣ್ಣ ನೋಡು. ಕಡಿಯುವಾಗ ಬೆಣ್ಣೆ, ಗಾಳಿ ತಾಗಿದ ಮೇಲೆ ಬಂಡೆ. ಒಂದು ವಾರದ ಬಿಸಿಲು ತಿಂದಿದೆ ಇದು. ನಮ್ಮಲ್ಲಿ ನಾಲ್ಕಾಳು ಆಳದ ಕೋರೆ ಗೋಡೆ ನೆಟ್ಟಗೆ ನಿಂತದ್ದನ್ನು ನಾನೇ ತೋರಿಸ್ತೇನೆ, ಬಾ ಒಮ್ಮೆ ಊರಿಗೆ.”

ಕರಾವಳಿಯ ಕೆಂಪುಕಲ್ಲಿನ ಮಟ್ಟಿಗೆ ಅವರ ಮಾತು ನಿಜ. ನೆಲದೊಳಗೆ ಮೆತ್ತಗಿರುವ ಆ ಕಲ್ಲು ಹೊರಗೆ ಬಂದು ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತದೆ. ಅದರಿಂದಲೇ ಅಲ್ಲಿ ಮನೆ, ಬಾವಿ, ಗೋಡೆ. ಆದರೆ ಈ ದರೆ ಬಣ್ಣದಲ್ಲಿ ಮಾತ್ರ ಅದರಂತಿತ್ತು. ಇದು ಮರಳು. ತೇವ ಇರುವವರೆಗೆ ಒಂದಕ್ಕೊಂದು ಹಿಡಿದುಕೊಂಡಿರುತ್ತದೆ, ಒಣಗಿದರೆ ಬಿಡುತ್ತದೆ. ಅವರು ಯಾವ ವಾರದ ಬಿಸಿಲನ್ನು ನಂಬಿದ್ದರೋ ಅದೇ ಬಿಸಿಲು ಇದನ್ನು ಸಡಿಲ ಮಾಡಿತ್ತು. ಇದನ್ನು ಕೆನ್ ಆಮೇಲೆ ಹೇಳಿದನು. ಆಗ ನಮಗೆ ಗೊತ್ತಿರಲಿಲ್ಲ.

ಬಾವ ಸಣ್ಣ ಗುದ್ದಲಿಯಿಂದ ಹಲ್ಲಿನ ಸುತ್ತ ಕಡಿಯತೊಡಗಿದರು. ಅವರ ಕೈ ಬಹಳ ಒಪ್ಪ. ಹಲ್ಲಿಗೆ ಪೆಟ್ಟಾಗದಂತೆ ಮೇಲೆ, ಬಲಕ್ಕೆ, ಎಡಕ್ಕೆ ಚೌಕವಾಗಿ ಕಡಿದು ಗೂಡು ಮಾಡಿದರು, ಕೋರೆಯಲ್ಲಿ ಕಲ್ಲು ಬಿಡಿಸುವ ಹಾಗೆಯೇ. ತೋಳು ಪೂರ್ತಿ ಒಳಗೆ ಹೋಗುವಷ್ಟಾಯಿತು. ಆಮೇಲೆ ಮಂಡಿಯೂರಿ ಭುಜವನ್ನೂ ಒಳಗೆ ತೂರಿಸಿದರು. ನಾನು ಚಪ್ಪಟೆ ಕಲ್ಲಿಗೆ ಮರಳಿ ಸಣ್ಣ ಕಣ್ಣಿನ ಜರಡಿ ಹಿಡಿದು ನಿಂತೆ. ಇಂಚರ ಕಾಲಬುಡದ ಗರಸು ಕೆದಕುತ್ತಿದ್ದಳು. ಎದುರು ದಂಡೆಯಿಂದ ಅತ್ತೆ, “ಚಿನ್ನೂ, ನೀರಿಂದ ಮೇಲೆ ಬಾ, ಕಾಲು ನೆನೆಸ್ಕೋಬೇಡ” ಎಂದು ಕರೆಯುತ್ತಿದ್ದರು.

“ಚಿಕ್ಕಪ್ಪ, ಲುಕ್” ಎಂದಳು ಇಂಚರ.

ನಾನು ಜರಡಿಯನ್ನು ಎಡಗೈಗೆ ಬದಲಿಸಿ ಬಲಗೈ ಚಾಚಿದೆ. ಅವಳು ನನ್ನ ಅಂಗೈಯಲ್ಲಿ ಒಂದು ಹಲ್ಲು ಇಟ್ಟಳು. ಒದ್ದೆಯಾಗಿತ್ತು, ತಣ್ಣಗಿತ್ತು. ಅಂಚಿನಲ್ಲಿ ಗರಗಸದಂತೆ ಸಣ್ಣ ಕಚ್ಚುಗಳಿದ್ದವು. ಅದನ್ನು ಬಾವನಿಗೆ ತೋರಿಸೋಣವೆಂದು ತಲೆಯೆತ್ತಿದೆ.

ಮೊದಲು ದರೆಯ ನಡುಮಟ್ಟದಿಂದ ಒಣ ಮರಳು ಎಳೆಯಾಗಿ ಸುರಿಯಿತು, ಮೂಟೆಯಲ್ಲಿ ತೂತಾದಂತೆ. ಆಮೇಲೆ ಮೇಲಿನ ಹುಲ್ಲಿನ ಅಂಚು ಮುಂದಕ್ಕೆ ಬಾಗಿತು. ಆ ಅಂಚನ್ನು ನಾನು ನೇರವಾಗಿ ನೋಡಿದೆ. ಅದರ ಮೇಲೆ ಆಕಾಶವಿತ್ತು, ಬೇರೇನೂ ಇರಲಿಲ್ಲ. ನಾನು “ಬಾವ” ಎಂದೆನೋ ಇಲ್ಲವೋ ತಿಳಿಯದು. ದರೆ ಒಂದು ಬಾಗಿಲಿನಷ್ಟು ಅಗಲಕ್ಕೆ ನಿಂತ ಹಾಗೆಯೇ ಕೆಳಗಿಳಿದು, ಅರ್ಧದಲ್ಲಿ ಒಡೆದು, ಅವರ ಮೇಲೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ನಾಯಿ ಬೊಗಳಿತು. ನನ್ನ ಬಲಗೈ ತಾನಾಗಿ ಮುಷ್ಟಿಯಾಯಿತು. ಹಲ್ಲಿನ ತುದಿ ಅಂಗೈಗೆ ಇಳಿದದ್ದು ಆಗಲೇ. ಇಂಚರ ನನ್ನ ಅಂಗಿಯನ್ನು ಹಿಡಿದುಕೊಂಡಳು.

ಧೂಳು ಇಳಿದಾಗ, ಅಂಗಾತ ಬಿದ್ದಿದ್ದ ಬಾವನ ತಲೆ, ಒಂದು ತೋಳು ಮಾತ್ರ ಕಂಡವು. ಕಣ್ಣು ಮುಚ್ಚಿತ್ತು. ಕೆನ್ ನೀರಿನಲ್ಲಿ ಓಡಿ ಬಂದನು. ನಾನು ಅವರ ತೋಳು ಹಿಡಿದು ಎಳೆಯಲು ಹೋದಾಗ ಅವನು, ಎಳೆಯಬೇಡ, ತೋಡು, ಮೊದಲು ಎದೆಯ ಮೇಲಿನದನ್ನು ತೆಗೆ ಎಂದು ಕೂಗಿದನು. ಇಬ್ಬರೂ ಜರಡಿಗಳನ್ನೇ ಮೊರದಂತೆ ಹಿಡಿದು ಮಣ್ಣು ಎಳೆದೆವು. ಅಂಬುಲೆನ್ಸ್ ಕರೆಯಲು ಕೆಳಗೆ ಫೋನಿಗೆ ಸಿಗ್ನಲ್ ಇರಲಿಲ್ಲ. ನಾನು ತಿರುಗಿ ಇಂಚರಳಿಗೆ ಹೇಳಿದೆ: “ಮೇಲೆ ಓಡು. ಅಮ್ಮನ ಹತ್ರ ಟ್ರಿಪಲ್ ಝೀರೋಗೆ ಫೋನ್ ಮಾಡ್ಸು. ಓಡು!”

ಅವಳು ದನದ ದಾರಿಯಲ್ಲಿ ಓಡಿ ಹತ್ತಿದಳು. ಮೇಲೆ ಹೋದವಳು ಕಾರಿನ ಕಡೆ ಓಡುವ ಮೊದಲು, ಅಪ್ಪ ಹೇಗಿದ್ದಾರೆಂದು ನೋಡಲು ಅಂಚಿಗೆ ಬಂದಳು. ಕುಸಿದ ಜಾಗದ ಪಕ್ಕದಲ್ಲೇ ನಿಂತು “ಅಪ್ಪಾ” ಎಂದು ಕಿರುಚಿದಳು. ಆ ಕಿರುಚುವಿಕೆಗೆ ಎರಡು ಕಡೆ ಎರಡು ಕೆಲಸ ನಡೆದವು. ಬಯಲಿನ ಆಚೆ ವಿನಯಕ್ಕ, ಸುಜಾತ ತಲೆಯೆತ್ತಿ ನೋಡಿದರು. ಅವರಿಗೆ ಮೊದಲು ಕಂಡದ್ದು ಒಡೆದ ಅಂಚಿನಲ್ಲಿ ನಿಂತ ಇಂಚರ. ಕೆಳಗೆ ಸುಧಾಕರ ಬಾವ ಕಣ್ಣು ತೆರೆದರು. ಅವರಿಗೂ ಮೊದಲು ಕಂಡದ್ದು ಆಕಾಶಕ್ಕೆ ಅಂಟಿ ನಿಂತ ಇಂಚರ.

“ಮೇಲೆ ಯಾರು ನಿಂತದ್ದು?” ಎಂದರು ಅವರು. ಬಾಯಲ್ಲಿ ಮಣ್ಣಿತ್ತು. “ಇಳೀಲಿಕ್ಕೆ ಹೇಳು ಅವಳಿಗೆ. ಹೇಳಿದ್ದೆ ಅಲ್ವಾ ನಾನು.”

“ಬಾವ, ಅವಳು ಈಗ ಹೋದದ್ದು. ನಾನೇ ಕಳಿಸ್ದೆ” ಎಂದೆ. ಅವರು ಮತ್ತೆ ಕಣ್ಣು ಮುಚ್ಚಿದ್ದರು. ವಿನಯಕ್ಕ ಇಳಿಜಾರಿನಲ್ಲಿ ಬೀಳುತ್ತ ಏಳುತ್ತ ಬಂದಳು. ಗಂಡನ ಬಾಯಿಂದ ಅವಳು ಕೇಳಿದ್ದು ಆ ಮಾತನ್ನೇ. ಅವರು ಅದನ್ನು ಇನ್ನೆರಡು ಸಲ ಹೇಳಿದರು.

ಅಂಬುಲೆನ್ಸಿಗಿಂತ ಮೊದಲು ಹತ್ತಿರದ ಊರಿನ ತುರ್ತುಸೇವೆಯ ಸ್ವಯಂಸೇವಕರು ಬಂದರು. ಒಬ್ಬಾಕೆ ಬೇಕರಿಯ ಏಪ್ರನ್ನಿನಲ್ಲೇ ಇದ್ದಳು. ಸೂರ್ಯ ಇಳಿಯುವ ಹೊತ್ತಿಗೆ ಬಾವನನ್ನು ಹೊರತೆಗೆದು ಜೀಲಾಂಗಿನ ಕಡೆ ಒಯ್ದರು. ಎಡ ತೊಡೆಯ ಮೂಳೆ ಮುರಿದಿತ್ತು, ಮಂಡಿ ಜಜ್ಜಿತ್ತು. ಪ್ರಾಣಕ್ಕೆ ಅಪಾಯವಿಲ್ಲವೆಂದರು. ಅವರು ಕಡಿಯುತ್ತಿದ್ದ ದೊಡ್ಡ ಹಲ್ಲು ಆ ಮಣ್ಣಿನಲ್ಲೇ ಎಲ್ಲೋ ಉಳಿಯಿತು. ಹೊರಡುವ ಮೊದಲು ಕೆನ್ ಅತ್ತೆಯವರನ್ನು ಮತ್ತೆ ಕೈಹಿಡಿದು ತೊರೆ ದಾಟಿಸಿದನು.

ಆಸ್ಪತ್ರೆಯ ಕಾರಿಡಾರಿನಲ್ಲಿ ವಿನಯಕ್ಕ ಮಗಳನ್ನು ಕೇಳಿದಳು: “ಮೇಲೆ ಹೋಗ್ಬೇಡ ಅಂದಿರ್ಲಿಲ್ವೇನೆ ಅಪ್ಪ?” ಗದರಿಸಿ ಕೇಳಿದ್ದಲ್ಲ; ಆಕೆಯ ದನಿ ದಣಿದಿತ್ತು. ನಾನು ನಡೆದದ್ದನ್ನು ಹೇಳಿದೆ. ವಿನಯಕ್ಕ, “ಹೋಗ್ಲಿ ಬಿಡಿ ರಘು, ಮಗು ತಾನೆ, ಅವಳನ್ನ ಯಾರು ಬೈತಾರೆ” ಎಂದಳು. ಅಂದರೆ ನಾನು ಮಗುವನ್ನು ಉಳಿಸಲು ಹಾಗೆ ಹೇಳುತ್ತಿದ್ದೇನೆ ಎಂದುಕೊಂಡಳು. ಸೋಮವಾರ ನಾನೂ ಸುಜಾತಳೂ ಹಿಂದಿರುಗಿದೆವು. ಹಾಲ್‌ಬ್ರುಕ್‌ನಲ್ಲಿ ನಿಲ್ಲಿಸಿದಾಗ ಸುಜಾತ ಕಾರಿನಿಂದ ಇಳಿಯಲಿಲ್ಲ. ನಾನು ಜಲಾಂತರ್ಗಾಮಿಯ ಪಕ್ಕದ ನಲ್ಲಿಯಲ್ಲಿ ಮುಖ ತೊಳೆಯುವಾಗ ಅಂಗೈ ಉರಿಯಿತು. ಅಂಗಿಯ ಜೇಬಿನಲ್ಲಿ ಇಂಚರ ಕೊಟ್ಟ ಹಲ್ಲು ಇತ್ತು.

ಪ್ರವಾಸ ಅಲ್ಲಿಗೆ ಮುಗಿಯಿತು. ಮುಂದಿನದು ಕಥೆ ಬೆಳೆದ ಬಗೆ. ಸುಧಾಕರ ಬಾವ ಮಾತುಗಾರರು. ಕೋಲು ಹಿಡಿದು ನಡೆಯುವಂತಾದ ಮೇಲೆ, ಬರುವ ಹೋಗುವ ಸ್ನೇಹಿತರೆಲ್ಲ ಕಾಲಿಗೆ ಏನಾಯಿತೆಂದು ಕೇಳಿದಾಗ ಇಂಚರಳ ಹೆಗಲ ಮೇಲೆ ಕೈ ಹಾಕಿ, “ನನ್ನ ಮಗಳು ಸಾಮಾನ್ಯದವಳಲ್ಲ ಮಾರಾಯ್ರೇ, ಒಂದು ಗುಡ್ಡೆಯನ್ನೇ ಅಪ್ಪನ ತಲೆಗೆ ಹಾಕಿದ್ದಾಳೆ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವರು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಒಮ್ಮೆ ನಾನಿದ್ದಾಗಲೇ ಹೇಳಿದರು. ಅವಳು ಮೇಲಿರಲಿಲ್ಲ ಬಾವ ಎಂದು ನಾನು ತಡೆದೆ. “ನೀನು ಲಿಫ್ಟ್ ನೋಡು ರಘು, ಕಥೆ ನಾನು ಹೇಳ್ತೇನೆ” ಎಂದರು. ಮತ್ತೆ ನಗು. ಇಂಚರಳೂ ನಕ್ಕಳು.

ಮಂಡಿ ಸರಿಹೋಗಲಿಲ್ಲ. ಕಲ್ಲು ಎತ್ತುವ ಕೆಲಸ ಬಿಟ್ಟು ಅದೇ ಕಂಪನಿಯಲ್ಲಿ ಕುರ್ಚಿಯ ಕೆಲಸಕ್ಕೆ ಕುಳಿತರು. ಮೈ ಬಂತು, ಸಕ್ಕರೆ ಕಾಯಿಲೆ ಬಂತು. 2018ರ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಕಾರ್ಯಗಳಿಗೆ ಹೋಗಿದ್ದಾಗ, ಜನರೆಲ್ಲ ಹೋದ ಮೇಲೆ, ಇಂಚರ ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದಳು. ನಾನು ಒರೆಸುತ್ತಿದ್ದೆ. ಅವಳು ನನ್ನ ಕಡೆ ನೋಡದೆ ಹೇಳಿದಳು.

“ಅಪ್ಪನ ಲೆಗ್ ಸರಿ ಇದ್ದಿದ್ರೆ ವಾಕ್ ಮಾಡ್ತಿದ್ರು. ಡಾಕ್ಟರ್ ಕೂಡ ಹಾಗೇ ಹೇಳಿದ್ರು. ಸೋ, ಇಟ್ ವಾಸ್ ಮೀ.”

“ನೀನು ಮೇಲಿರ್ಲಿಲ್ಲ ಪುಟ್ಟಾ. ನನ್ನ ಪಕ್ಕದಲ್ಲಿದ್ದೆ.”

“ಐ ಜಂಪ್ಡ್, ಚಿಕ್ಕಪ್ಪ. ಐ ರಿಮೆಂಬರ್ ಇಟ್.”

“ಅದು ಬೆಳಿಗ್ಗೆ. ದರೆ ಬಿದ್ದಿದ್ದು ಊಟ ಆದ ಮೇಲೆ.”

“ಯೂ ಆರ್ ಜಸ್ಟ್ ಬೀಯಿಂಗ್ ನೈಸ್” ಎಂದು ನಲ್ಲಿ ತಿರುಗಿಸಿದಳು.

ಅವಳಿಗೆ ಬೆಳಗಿನ ಕುಣಿತವೂ ನೆನಪಿದೆ, ಅಪ್ಪನ ಗದರಿಕೆಯೂ ನೆನಪಿದೆ, ಅಂಚಿನಲ್ಲಿ ನಿಂತು ಕೆಳಗೆ ಮಣ್ಣಿನಲ್ಲಿ ಹೂತ ಅಪ್ಪನನ್ನು ನೋಡಿದ್ದೂ ನೆನಪಿದೆ. ಮೂರೂ ನಡೆದವೇ. ನಡುವಿನ ಊಟ, ನೀರು, ನನ್ನ ಅಂಗೈಗೆ ಇಟ್ಟ ಹಲ್ಲು, ನನ್ನ ‘ಓಡು’ ಎಂಬ ಮಾತು ಇವು ಬಿಟ್ಟುಹೋಗಿವೆ. ನಾಲ್ಕು ವರ್ಷ ಕೇಳಿದ ತಮಾಷೆ ಆ ಮೂರನ್ನು ಒಂದಾಗಿ ಹೊಲಿದಿದೆ.

ಸಿಡ್ನಿಗೆ ಬಂದ ಮೇಲೆ ಬೆಂಗಳೂರಿನಲ್ಲಿರುವ ಅತ್ತೆಯವರಿಗೆ ಫೋನ್ ಮಾಡಿದೆ. ಸೂಚನೆ ಕೊಡದಂತೆ ಕೇಳಬೇಕಾದ್ದರಿಂದ, ದರೆ ಬಿದ್ದಾಗ ನೀವು ಏನು ನೋಡಿದಿರಿ ಎಂದಷ್ಟೇ ಕೇಳಿದೆ.

“ಯಾಕ್ರೀ ಅದನ್ನೆಲ್ಲ ಈಗ? ನೀವು ಬೆನ್ನು ಹಾಕಿ ನಿಂತಿದ್ರಿ. ಮಗು ನಿಮ್ಮ ಕೈಗೆ ಹುಣಸೆಬೀಜ ಕೊಡ್ತಿತ್ತು. ನಾನು ಬಾ ಬಾ ಅಂತ ಕರೀತಾನೇ ಇದ್ದೆ, ನೀರಿಂದ ಬರಲೇ ಇಲ್ಲ ಅದು. ಅಷ್ಟರಲ್ಲಿ ದಬಕ್ಕಂತ ಬಿತ್ತು.”

ಬಳಗದವರು ಹೇಳುವ ಕಥೆ ಕೇಳಿದ್ದೀರಾ ಎಂದೆ. ಕೇಳಿರಲಿಲ್ಲ. ಮೆಲ್ಬರ್ನಿನ ಮೂರು ತಿಂಗಳು ಮುಗಿಸದೆ, ಅವಘಡವಾಗಿ ಕೆಲವೇ ವಾರಗಳಲ್ಲಿ ಅವರು ಬೆಂಗಳೂರಿಗೆ ಮರಳಿದ್ದರು. ಅವರ ಮುಂದೆ ಆ ವಿಷಯ ಎತ್ತಬಾರದೆಂದು ಮಕ್ಕಳು ಮಾ‌ತಾಡಿಕೊಂಡಿದ್ದರು. ನಾನು ಹೇಳಿದೆ. ಅತ್ತೆ ಪೂರ್ತಿ ಕೇಳಿದರು. ಆಮೇಲೆ, “ವಿನಯಾಗೆ ಫೋನ್ ಕೊಡಿ” ಎಂದರು, ನಾನು ಇನ್ನೂ ಕ್ಲೈಡ್ ನಾರ್ತ್‌ನಲ್ಲೇ ಇದ್ದೇನೆಂಬಂತೆ.

ಕೆನ್‌ಗೂ ಫೋನ್ ಮಾಡಿದೆ. ದರೆಯ ಉದ್ದಕ್ಕೂ ಈಗ ತಂತಿಬೇಲಿ ಹಾಕಿದ್ದಾನೆ. ಮರಳು ಸುರಿಯುವ ಸದ್ದಿಗೆ ನಾಯಿ ಎದ್ದಿತು, ತಾನು ತಿರುಗಿ ನೋಡಿದೆ ಎಂದನು. ಮೇಲೆ ಯಾರಾದರೂ ಇದ್ದರೇ ಎಂದು ಕೇಳಿದೆ. ಇಲ್ಲ ಎಂದನು. ಆ ಹುಡುಗಿ ನಿನ್ನ ಅಂಗಿ ಹಿಡಿದುಕೊಂಡಿದ್ದಳು ಎಂದೂ ಹೇಳಿದನು.

ಇಂಚರಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇದನ್ನು ವಿನಯಕ್ಕ ಅವಳಿಗೆ ಓದಿ ಹೇಳಬೇಕೆಂದು ಕೇಳಿಕೊಂಡಿದ್ದೇನೆ. ಹಲ್ಲು ನನ್ನ ಬಳಿ ಇದೆ. ಅಂಗೈಯ ಗಾಯದ ಗೀರೂ ಇದೆ.

ಸುಧಾಕರ ಬಾವ ದರೆಗೆ ಮುಖ ಹಾಕಿದ್ದರು, ಅವರು ನೋಡಲಿಲ್ಲ. ಸುಜಾತ, ವಿನಯಕ್ಕ ಕಾರುಗಳ ಹತ್ತಿರವಿದ್ದರು, ಅವರೂ ನೋಡಲಿಲ್ಲ. ದರೆ ಬಿದ್ದದ್ದನ್ನು ನೋಡಿದವರಲ್ಲಿ ನನ್ನ ಅತ್ತೆ ಲಲಿತಮ್ಮ ಬೆಂಗಳೂರಿನಲ್ಲಿದ್ದಾರೆ. ಕಿವಿ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ಕೆನ್ ತನ್ನ ಜಮೀನಿನಲ್ಲಿದ್ದಾನೆ. ನಾನು ಸ್ಕೋಫೀಲ್ಡ್ಸ್‌ನಲ್ಲಿದ್ದೇನೆ. ಇನ್ನೊಬ್ಬಳು ನನ್ನ ಬಲಗಡೆ ನೀರಿನಲ್ಲಿ ನಿಂತು ನೋಡಿದಳು. ಅವಳು ಇಂಚರ. ಕ್ಲೈಡ್ ನಾರ್ತ್‌ನಲ್ಲಿದ್ದಾಳೆ, ಈಗ ಹದಿನೈದು ವರ್ಷ.